ಇಪ್ಪತ್ತೊಂದು ಸೀಸೆ

ಮೈಲಾರೆಪ್ಪ ನಸುಕಿನ ಐದಕ್ಕೆ ಬಸ್ಸು ಹತ್ತುವ ಮುಂಚೆ ಅರ್ಧ ಲೋಟ ನೀರು ಕುಡಿಯುತ್ತಿದ್ದ. ಉಳಿದ ಅರ್ಧ ಲೋಟ ಮಧ್ಯಾಹ್ನ ರೊಟ್ಟಿಯ ಜೊತೆಗೆ. ನೀರು ಕುಡಿದರೆ ಮೂತ್ರಕ್ಕೆ ಇಳಿಯಬೇಕು, ಇಳಿದರೆ ಹೊತ್ತಾಗುತ್ತದೆ, ಹೊತ್ತಾದರೆ ಮ್ಯಾನೇಜರನ ಮುಂದೆ ಕೈಕಟ್ಟಿ ನಿಲ್ಲಬೇಕು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಹೊಳೆ ದಂಡೆಯ ಐರಣಿ. ತಿರುಗಿ ಅದೇ ದಾರಿ. ಎಡಗಾಲಿನ ಪಕ್ಕದಲ್ಲಿ ಇಂಜಿನ್ನು ಒಲೆಯಂತೆ ಕಾಯುತ್ತಿತ್ತು. ಆ ಕಾಲಿನ ಚರ್ಮ ಸುಟ್ಟ ಬದನೆಕಾಯಿಯ ಹಾಗೆ ಕರ್ರಗಾಗಿತ್ತು. ಕದರಮಂಡಲಗಿಯಲ್ಲಿ ಆಂಜನೇಯನ ಗುಡಿಯ ಕಡೆಗೆ ಒಂದು ಕೈ ಎತ್ತುವಷ್ಟೇ ಅವನಿಗೆ ಪುರುಸೊತ್ತು. ದೇವರು ಹೊಳೆ ಹರಿಸಿದ್ದು ಎಲ್ಲ ಜೀವಿಗಳ ಬಾಯಾರಿಕೆಗೆ. ಆದರೆ ಹೊಳೆಯ ದಂಡೆಗೇ ದಿನವೂ ಬಸ್ಸು ಒಯ್ಯುವವನು ಒಣ ಗಂಟಲಲ್ಲಿ ಹಿಂದಿರುಗುತ್ತಿದ್ದ. ಹೊಳೆಸಾಲು ಮೋಟಾರ್ ಸರ್ವಿಸಿನ ಡ್ರೈವರುಗಳೆಲ್ಲರ ಪಾಡೂ ಇದೇ ಆಗಿತ್ತು.

ಎಂಬತ್ತಾರನೆಯ ಇಸವಿಯಲ್ಲಿ ಮೆಡಿಕಲ್ ಕಾಲೇಜಿನಿಂದ ಮಹಮೂದಾಬೇಗಂ ಎಂಬ ಡಾಕ್ಟರು ಬಂದಿದ್ದರು. ಬಸ್ಸು ಓಡಿಸುವ ಕೆಲಸ ವರ್ಷ ಕಳೆದಂತೆ ಮನುಷ್ಯನ ಮೈಗೆ ಏನು ಮಾಡುತ್ತದೆ ಎಂದು ತಿಳಿಯುವುದು ಅವರ ಉದ್ದೇಶ. ಈಗೊಮ್ಮೆ ಪರೀಕ್ಷೆ, ಎಂಟು ವರ್ಷದ ಮೇಲೆ ಇನ್ನೊಮ್ಮೆ. ಇಪ್ಪತ್ತೊಂದು ಡ್ರೈವರುಗಳಿಗೆ ಮೂತ್ರ ತುಂಬಿ ಕೊಡಲು ಇಪ್ಪತ್ತೊಂದು ಸೀಸೆ ಕೊಟ್ಟರು.

ಸೀಸೆ ಕಂಡದ್ದೇ ಡ್ರೈವರುಗಳ ಎದೆ ಹಾರಿತು. ಏನಾದರೂ ದೋಷ ಬಂದರೆ ಅನ್‌ಫಿಟ್ ಎಂದು ಮನೆಗೆ ಕಳಿಸುತ್ತಾರೆ. ಆಗ ಮೈಲಾರೆಪ್ಪನ ಜೀವದ ಗೆಳೆಯ ಉಡಚಪ್ಪನಿಗೆ ಒಂದು ಉಪಾಯ ಹೊಳೆಯಿತು.

"ಕಂಡಕ್ಟರ್ ಮಾಲತೇಶಪ್ಪ ಅದಾನಲ್ಲೋ. ಗರಡಿ ಮನಿ ಮೈ. ಅವನದ ತುಂಬಿ ಕೊಡೂಣು."

ಮಾಲತೇಶಪ್ಪ ಕೊಡಗಟ್ಟಲೆ ಮಜ್ಜಿಗೆ ಕುಡಿದು ಷೆಡ್ಡಿನ ಹಿಂದೆ ನಿಂತ. "ಲೇ, ಇದೇನು ಬಾವಿ ಅಲ್ಲ. ವರತಿ ಬರೂತನಕಾ ತಡೀರಿ," ಎಂದು ಬೈದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಪ್ಪತ್ತೊಂದು ಸೀಸೆಯೂ ತುಂಬಿದವು.

ಆರು ತಿಂಗಳಿಗೆ ವರದಿ ಬಂತು. ಒಬ್ಬ ಡ್ರೈವರನ ಮೂತ್ರದಲ್ಲಿಯೂ ದೋಷವಿಲ್ಲ. ಮ್ಯಾನೇಜರ್ ಅದನ್ನು ಆಫೀಸಿನ ಗೋಡೆಗೆ ಅಂಟಿಸಿದ. "ಎಲ್ಲಾರೂ ಗೂಳಿ ಇದ್ದಂಗ ಅದೀರಿ," ಎಂದು ಎರಡು ಟ್ರಿಪ್ಪನ್ನು ಮೂರು ಮಾಡಿದ.

ಅಂದಿನಿಂದ ಯಾರೂ ನಗಲಿಲ್ಲ. ಐದು ವರ್ಷಕ್ಕೆ ಉಡಚಪ್ಪನ ಪಾದ ಬಾತವು. ಆಮೇಲೆ ಮುಖ. ಕಿಡ್ನಿ ಎರಡೂ ಕೆಟ್ಟಿವೆ ಎಂದರು. ಹೆಂಡತಿ ಗುಡ್ಡವ್ವ ಕಂಪನಿಯ ಬಾಗಿಲಿಗೆ ಹೋದರೆ, "ನಮ್ಮಲ್ಲಿ ಪರೀಕ್ಷಾ ಆದಾಗ ಚಲೋ ಇದ್ದ. ಚಟಾ ಮಾಡಿ ಕೆಡಿಸಿಕೊಂಡಾನ," ಎಂದು ಮ್ಯಾನೇಜರ್ ಗೋಡೆ ತೋರಿಸಿದ. ಎಲೆ ಅಡಿಕೆಯನ್ನೂ ಮುಟ್ಟದ ಮನುಷ್ಯ ಉಡಚಪ್ಪ. ಒಂದು ಸೋಮವಾರ ಶಿವನ ಪಾದ ಸೇರಿದ. ಹೆಗಲು ಕೊಟ್ಟವರಲ್ಲಿ ಮೈಲಾರೆಪ್ಪನೂ ಇದ್ದ. ಆ ಭಾರ ಅವನ ಹೆಗಲಿನಿಂದ ಇಳಿಯಲೇ ಇಲ್ಲ. ಕೂತಲ್ಲಿ ಕೂಡಲಾರ, ಮಲಗಿದಲ್ಲಿ ಮಲಗಲಾರ. ಈಗ ಕೆಲವು ತಿಂಗಳಿನಿಂದ ಅವನ ಮೂತ್ರವೂ ಕೆಂಪಗಾಗಿತ್ತು. ಅದು ಹೆಂಡತಿ ಹೊಳಿಯವ್ವನಿಗೆ ಮಾತ್ರ ಗೊತ್ತು.

ತೊಂಬತ್ತನಾಲ್ಕರಲ್ಲಿ ಡಾಕ್ಟರು ಮಾತಿನಂತೆ ಮರಳಿ ಬಂದರು. ಆ ಬೆಳಿಗ್ಗೆ ಹೊಳಿಯವ್ವ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತರ ಖರೇ ಹೇಳ್ರಿ."

"ಹೇಳಿದ್ರ ಮನಿಗೆ ಕಳಸ್ತಾರ."

"ಹೇಳಲಿಲ್ಲಂದ್ರ ಎಲ್ಲಿಗೆ ಕಳಸ್ತಾರ?"

ಅವನು ಚಪ್ಪಲಿ ಮೆಟ್ಟಿದ.

ರಾಣೆಬೆನ್ನೂರಿನ ಷೆಡ್ಡಿನಲ್ಲಿ ಡ್ರೈವರುಗಳು ಸಾಲಾಗಿ ಪಾಳಿ ಹಚ್ಚಿ ನಿಂತಿದ್ದರು. ಈ ಸಲದ ವರದಿಯೂ ಚೆನ್ನಾಗಿ ಬಂದರೆ ಯುಗಾದಿಯಿಂದ ನಾಲ್ಕನೆಯ ಟ್ರಿಪ್ಪು ಎಂದು ಮ್ಯಾನೇಜರ್ ಮೊದಲೇ ಹೇಳಿದ್ದ. ಮಾಲತೇಶಪ್ಪ ಹಿಂದಿನಂತೆಯೇ ಮಜ್ಜಿಗೆ ಕುಡಿದು ಬಂದಿದ್ದ. ತುಂಬಿದ ಸೀಸೆಗಳು ಕೈಯಿಂದ ಕೈಗೆ ದಾಟಿದವು. ಮೈಲಾರೆಪ್ಪನ ಅಂಗಿಯ ಕಿಸೆಯಲ್ಲೂ ಒಂದು ಬೆಚ್ಚಗೆ ಕೂತಿತ್ತು.

ಆಗ ಗುಡ್ಡವ್ವ ಬಂದು ಪಾಳಿಯಲ್ಲಿ ನಿಂತಳು.

"ಇದು ಡ್ರೈವರ ಪಾಳಿ ಬೇ," ಎಂದ ಮ್ಯಾನೇಜರ್.

"ನನ್ನ ಗಂಡ ಏನು ದನಾ ಕಾಯ್ತಿದ್ನ್ರಿ?"

ಮಹಮೂದಾಬೇಗಂ ತಲೆ ಎತ್ತಿದರು. "ಹಿಂದ ಇಪ್ಪತ್ತೊಂದು ಮಂದಿ ಇದ್ರು. ಈ ಪಟ್ಟಿಯೊಳಗ ಹದಿಮೂರ ಹೆಸರು ಅದಾವ. ಉಳದ ಎಂಟು ಮಂದಿ?"

"ಬಿಟ್ಟು ಹೋಗ್ಯಾರ್ರಿ ಮೇಡಂ. ಇದ್ದವರನ್ನ ನೋಡ್ರಿ ಸಾಕು," ಎಂದ ಮ್ಯಾನೇಜರ್.

"ಬಿಟ್ಟು ಹೋಗಿಲ್ರಿ ಬಾಯಾರ," ಎಂದಳು ಗುಡ್ಡವ್ವ ಡಾಕ್ಟರಿಗೆ. "ಕಿಡ್ನಿ ಕೆಟ್ಟು ಸತ್ತಾನ. ಉಡಚಪ್ಪ ಅಂತ ಹೆಸರು. ಅವನ್ನೂ ಬರಕೋರಿ."

ಡಾಕ್ಟರು ಹಳೆಯ ಕಾಗದ ಹುಡುಕಿ ತೆಗೆದರು. "ಕಿಡ್ನಿ ಅಂತೀರಿ. ಆದರ ಅವತ್ತ ಇವರ ಮೂತ್ರದಾಗ ಏನೂ ದೋಷ ಇರಲಿಲ್ಲವ್ವಾ."

"ನೋಡಿದ್ಯಾ?" ಎಂದ ಮ್ಯಾನೇಜರ್. "ಡಾಕ್ಟರ ಹೇಳಾಕತ್ತಾರ. ನಡೀ ಇನ್ನ."

ಗುಡ್ಡವ್ವ ಪಾಳಿಯಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಎಲ್ಲರೂ ನೆಲ ನೋಡಿದರು. ಮೈಲಾರೆಪ್ಪನ ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. ಈ ಸ್ಟೇರಿಂಗು ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಆಂಜನೇಯನನ್ನು ನೆನೆಯಲು ಹೋದರೆ ಕಣ್ಣ ಮುಂದೆ ಬಂದದ್ದು ಉಡಚಪ್ಪನ ಬಾತ ಮುಖ.

ಅವನು ಕಿಸೆಯ ಸೀಸೆ ತೆಗೆದು ಎಲ್ಲರೆದುರಿಗೆ ನೆಲಕ್ಕೆ ಸುರಿದ. ಷೆಡ್ಡಿನ ಹಿಂದಕ್ಕೆ ಹೋದ. ತಡವಾಗಿ, ಗೋಡೆ ಹಿಡಿದುಕೊಂಡು ಮರಳಿದ. ಸೀಸೆಯ ತಳದಲ್ಲಿ ಎರಡು ಬೆರಳಿನಷ್ಟೂ ಮೂತ್ರವಿರಲಿಲ್ಲ. ಇದ್ದಷ್ಟು ಚಹಾದ ಡಿಕಾಕ್ಷನ್ನಿನ ಹಾಗೆ ಕೆಂಪಗಿತ್ತು.

"ಇದು ನಂದ್ರಿ ಬಾಯಾರ. ಅವತ್ತ ನಾವು ಕೊಟ್ಟಿದ್ದು ಇಪ್ಪತ್ತೊಂದೂ ಮಾಲತೇಶಪ್ಪಂದು. ಉಡಚಪ್ಪಂದು ನೀವು ನೋಡೇ ಇಲ್ಲ. ನಾವ ಹೆದರಿ ಸುಳ್ಳು ಕೊಟ್ವಿ. ಆ ಸುಳ್ಳಿನ ಮ್ಯಾಲೆ ಇವರು ಟ್ರಿಪ್ ಏರಿಸಿದ್ರು."

ಮಹಮೂದಾಬೇಗಂ ಲೇಖನಿ ಕೆಳಗಿಟ್ಟರು.

"ಮೈಲಾರಿ," ಎಂದ ಮ್ಯಾನೇಜರ್, ಮೆಲ್ಲಗೆ. "ನಿನ್ನ ಕೈಯಾರೆ ನೀನ ಅನ್‌ಫಿಟ್ ಆದಿ. ಕೀಲಿ ಕೊಡು."

ಮೈಲಾರೆಪ್ಪ ಬಸ್ಸಿನ ಕೀಲಿಯನ್ನು ಮೇಜಿನ ಮೇಲಿಟ್ಟ. ಗುಡ್ಡವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಡಾಕ್ಟರು ಅವಳಿಗೆ ತಮ್ಮ ಎದುರಿನ ಕುರ್ಚಿ ತೋರಿಸಿದರು.

"ಕುಂದ್ರವ್ವಾ. ಉಡಚಪ್ಪ ದಿನಾ ಎಷ್ಟು ನೀರು ಕುಡೀತಿದ್ರು, ಅದರಿಂದ ಸುರು ಮಾಡೂಣು."

ಹೊರಗೆ ಒಂಬತ್ತರ ಬ್ಯಾಡಗಿ ಬಸ್ಸಿನಲ್ಲಿ ಜನ ತುಂಬಿ ಕೂಗಾಡುತ್ತಿದ್ದರು. ಮ್ಯಾನೇಜರ್ ಕೀಲಿ ಎತ್ತಿ ಪಾಳಿಯ ಮುಂದಿನವನಿಗೆ ಹಿಡಿದ. ಯಾವತ್ತೂ ಎದುರು ಮಾತಾಡದ ಮನುಷ್ಯ ಅವನು. ತನ್ನ ಕೈಯಲ್ಲಿದ್ದ ಮಾಲತೇಶಪ್ಪನ ಸೀಸೆಯನ್ನು ನಿಧಾನವಾಗಿ ಬಗ್ಗಿಸಿ ಖಾಲಿ ಮಾಡಿದ.

"ನಂದಿನ್ನೂ ನೋಡಿಲ್ಲಲ್ರೀ ಸಾಹೇಬ್ರ," ಎಂದ. "ಬಾಯಾರು ನೋಡಲಿ. ಆಮ್ಯಾಲೆ ಹೇಳ್ತೇನಿ, ಬಸ್ ಹೊಡೀಬೇಕೋ ಬ್ಯಾಡೋ ಅಂತ."

ಅವನ ಹಿಂದೆ ಇನ್ನೂ ಹನ್ನೊಂದು ಜನ ಇದ್ದರು. ಒಬ್ಬನೂ ಕೀಲಿಗೆ ಕೈ ಚಾಚಲಿಲ್ಲ.