ಕೊನೆಯ ಹೊಲಿಗೆಯಿಂದ

ಅಂದು ಬೆಳಿಗ್ಗೆ ಹಲ್ಲುಜ್ಜುತ್ತ ಕನ್ನಡಿಯ ಮುಂದೆ ನಿಂತಿದ್ದಾಗ ನನಗೆ ನಾನೇ ಒಂದು ವಿಷಯ ಒಪ್ಪಿಕೊಂಡೆ. ಅತ್ತಿಗೆ ನಮ್ಮ ಮನೆಗೆ ಬಂದು ವರ್ಷ ದಾಟಿತ್ತು. ನಾನು ಅವರನ್ನು ಒಮ್ಮೆಯೂ ‘ಅತ್ತಿಗೆ’ ಎಂದು ಕರೆದಿರಲಿಲ್ಲ.

ಡೈರಿಯಲ್ಲಿ ಕರೆಯುತ್ತಿದ್ದೆ. ಅಲ್ಲಿ ಪುಟ ತಿರುಗಿಸಿದಲ್ಲೆಲ್ಲ ಅವರೇ: ಅತ್ತಿಗೆ ಹೀಗೆ ನಕ್ಕರು, ಅತ್ತಿಗೆ ದಾರವನ್ನು ಹಲ್ಲಿನಿಂದ ಕಡಿದು ಅಮ್ಮನಿಂದ ಬೈಸಿಕೊಂಡರು. ಎದುರಿಗೆ ಬಂದರೆ ಮಾತ್ರ ಆ ಮೂರಕ್ಷರ ಗಂಟಲಲ್ಲೇ ಕೂತುಬಿಡುತ್ತಿತ್ತು. ಮೊದಲ ದಿನ ನಾಚಿಕೆಯಾಯಿತು. ಆಮೇಲೆ, ನಾಳೆ ಕರೆದರಾಯಿತು ಎಂದುಕೊಂಡೆ. ಇಷ್ಟು ದಿನ ಕರೆಯದವಳು ಇದ್ದಕ್ಕಿದ್ದಂತೆ ಕರೆದರೆ ಏನೆಂದುಕೊಂಡಾರು ಎಂಬ ಇನ್ನೊಂದು ನಾಚಿಕೆ ಬರಬರುತ್ತ ಹಳೆಯದರ ಹೆಗಲೇರಿತು. ಹಾಗಾಗಿ ನನ್ನದೇ ಉಪಾಯಗಳಿದ್ದವು. ಅವರ ಕಣ್ಣಿಗೆ ಬೀಳುವ ಹಾಗೆ ಸುತ್ತು ಹಾಕಿ ಬಂದು ನಿಲ್ಲುತ್ತಿದ್ದೆ. ‘ಇಲ್ಲಿ ನೋಡಿ’ ಎನ್ನುತ್ತಿದ್ದೆ. ಅವರು ಬೆನ್ನು ತಿರುಗಿಸಿದ್ದರೆ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ. ಈ ಕೆಮ್ಮಿಗೆಂದು ಅಮ್ಮ ಒಂದು ಶೀಶೆ ಔಷಧವನ್ನೇ ತರಿಸಿದ್ದಳು. ಬೇಡ ಎನ್ನಲು ಬಾಯಿ ಬರದೆ ಅಷ್ಟನ್ನೂ ಕುಡಿದು ಮುಗಿಸಿದ್ದೆ.

ಇದು ನನ್ನೊಬ್ಬಳ ಪೇಚಾಟ ಎಂದೇ ತಿಳಿದಿದ್ದೆ. ಹಾಗಲ್ಲ ಎಂದು ಆ ವಾರವಷ್ಟೇ ಗೊತ್ತಾಗಿತ್ತು.

ಅತ್ತಿಗೆ ಉಡುಪುಗಳ ಪ್ಯಾಟರ್ನ್ ಮಾಡುವವರು. ತೋಳು, ಕೊರಳು, ಬೆನ್ನು, ಜೇಬು, ಹೀಗೆ ಒಂದೊಂದು ಭಾಗವನ್ನೂ ಕಂಪ್ಯೂಟರಿನಲ್ಲಿ ಅಳತೆಗೆ ಸರಿಯಾಗಿ ಬಿಡಿಸಿ ಹೊಲಿಗೆ ಕಾರ್ಖಾನೆಗೆ ಕಳಿಸುತ್ತಾರೆ. ಅಲ್ಲಿ ಅದರಂತೆ ಬಟ್ಟೆ ಕತ್ತರಿಸುತ್ತಾರೆ. ಮದುವೆಯಾಗಿ ಬರುವಾಗ ಅವರು ತಂದದ್ದು ಎರಡು ಸೂಟ್‌ಕೇಸ್ ಮತ್ತು ಈ ಕಂಪ್ಯೂಟರ್. ಅದರೊಳಗಿನ ಎಸ್‌ಎಸ್‌ಡಿ, ಎಂದರೆ ಫೈಲುಗಳೆಲ್ಲ ಕೂತಿರುವ ಡ್ರೈವ್, ಹಳೆಯದು, ಸಣ್ಣದು, ತುಂಬಿ ತುಳುಕುತ್ತಿತ್ತು. ಒಂದು ತೋಳನ್ನು ತೆರೆದರೆ ಇಡೀ ಯಂತ್ರ ಉಸಿರು ಕಟ್ಟಿ ನಿಲ್ಲುತ್ತಿತ್ತು. ಕಾರ್ಖಾನೆಯ ಮೇಲ್ವಿಚಾರಕಿಗೆ ಕಾದು ಕಾದು ಸಾಕಾಗಿ, ಸೋಮವಾರದಿಂದ ಕಾರ್ಖಾನೆಗೇ ಬಂದು ಅಲ್ಲಿಯ ಕಂಪ್ಯೂಟರಿನಲ್ಲಿ ಮಾಡು ಎಂದಿದ್ದಳಂತೆ. ಕಾರ್ಖಾನೆ ಊರಿನ ಆ ತುದಿಗೆ, ಬಸ್ಸು ಬದಲಿಸಿ ಹೋಗಬೇಕು. ಅದಕ್ಕೆ ಅಣ್ಣ ಅಲ್ಲೇ ಹತ್ತಿರ ಒಂದು ಬಾಡಿಗೆ ಮನೆ ನೋಡಿ ಬಂದಿದ್ದ. ಶನಿವಾರ ಸಂಜೆಯೊಳಗೆ ಆ ಮನೆಯವರಿಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಇಷ್ಟೆಲ್ಲ ನನಗೆ ಕೇಳಿಸಿದ್ದು ಗೋಡೆಯ ಈಚೆಯಿಂದ. ಅಷ್ಟು ದೂರ ಹೋಗಲು ತನಗೆ ಮನಸ್ಸಿಲ್ಲ ಎಂದು ಅತ್ತಿಗೆ ಹೇಳಿದರು. ಆಮೇಲೆ ದನಿ ತಗ್ಗಿಸಿದರು.

“ಆದ್ರೆ ನಿಮ್ಮ ತಂಗಿಗೆ ನಾನಿಲ್ಲಿ ಇರೋದು ಅಷ್ಟು ಇಷ್ಟ ಇಲ್ಲ ಅನ್ಸುತ್ತೆ ಕಣ್ರೀ. ಒಂದು ಸಲಾನೂ ಬಾಯ್ತುಂಬ ಕರೀಲಿಲ್ಲ.”

ಅಣ್ಣ ನಕ್ಕುಬಿಟ್ಟ. ಅವಳು ಗುಮ್ಮನಗುಸ್ಕಿ, ಹುಟ್ಟಿದಾಗಲೇ ಅಳದೆ ನರ್ಸನ್ನು ಹೆದರಿಸಿದವಳು ಎಂದ. ಅವನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ನನ್ನನ್ನೂ ಒಂದು ದಿನ ಯಂತ್ರದ ಕೆಳಗೆ ಮಲಗಿಸಿ ಒಳಗೆ ಮಾತೇನಾದರೂ ಇದೆಯೋ ನೋಡಬೇಕು ಎನ್ನುವುದು ಅವನ ಹಳೆಯ ತಮಾಷೆ. ಅದನ್ನೂ ಹೇಳಿದ. ಅತ್ತಿಗೆ ನಗಲಿಲ್ಲ.

ನನಗೆ ಇಷ್ಟ ಇಲ್ಲವಂತೆ. ನಾಲ್ಕು ಜನರ ಮುಂದೆ ನಿಂತರೆ ಕೈ ಎಲ್ಲಿಡಬೇಕೆಂದು ತಿಳಿಯದೆ ನಾನು ಒದ್ದಾಡುವುದು ಹೆತ್ತ ತಾಯಿಯ ಕಣ್ಣಿಗೂ ಬಿದ್ದಿರಲಿಲ್ಲ. ಅತ್ತಿಗೆಯ ಕಣ್ಣಿಗೆ ಬಿದ್ದಿತ್ತು. ಯಾರಿಗೂ ಹೇಳದೆ, ಇಸ್ತ್ರಿಗೆಂದು ಒಯ್ದ ನನ್ನ ಅಂಗಿಗಳಿಗೆಲ್ಲ ಪಕ್ಕದ ಹೊಲಿಗೆ ಬಿಡಿಸಿ ಆಳವಾದ ಜೇಬು ಇಟ್ಟುಕೊಟ್ಟಿದ್ದರು. ಅಂದಿನಿಂದ ನನ್ನ ಕೈಗಳಿಗೊಂದು ಮನೆ ಸಿಕ್ಕಿತ್ತು. ಅದಕ್ಕೂ ನಾನು ಏನೂ ಹೇಳಿರಲಿಲ್ಲ.

ಬಾಯಲ್ಲಿ ಆಗದ್ದನ್ನು ಕೈಯಲ್ಲಿ ಮಾಡಿಬಿಡೋಣ ಎಂದು ಹೊರಡುವುದು ನನ್ನಂಥವರ ಚಾಳಿ. ಪ್ರೆಸ್ಸಿನಲ್ಲಿ ಕರಡು ತಿದ್ದಿ ಬಂದ ಸಂಬಳದಲ್ಲಿ ಹೊಸದೊಂದು ದೊಡ್ಡ ಎಸ್‌ಎಸ್‌ಡಿ ತಂದೆ. ಜಾಗ ಹೆಚ್ಚಾದರೆ ಕಂಪ್ಯೂಟರ್ ಓಡುತ್ತದೆ, ಕಂಪ್ಯೂಟರ್ ಓಡಿದರೆ ಅತ್ತಿಗೆ ಇಲ್ಲೇ ಕೂತು ಕೆಲಸ ಮಾಡುತ್ತಾರೆ, ನಾನು ಬಾಯಿ ಬಿಡುವ ಪ್ರಸಂಗವೇ ಬರುವುದಿಲ್ಲ. ಕಾಲೇಜಿನಲ್ಲಿ ಗೆಳತಿಯರ ಕಂಪ್ಯೂಟರು ಬಿಚ್ಚಿ ಸರಿಮಾಡಿಕೊಟ್ಟ ಅನುಭವ ನನಗಿತ್ತು. ಯಂತ್ರಕ್ಕೆ ಕುಶಲ ಕೇಳಬೇಕಾಗಿಲ್ಲವಲ್ಲ, ಅದೇ ಅನುಕೂಲ.

ಆ ಶನಿವಾರ ನಾನು ಹಲ್ಲುಜ್ಜಿ ಬರುವ ಹೊತ್ತಿಗೆ ಅತ್ತಿಗೆ ಕಾರ್ಖಾನೆಗೆ ಹೊರಟಿದ್ದರು. ಹೊಸ ಅಂಗಿಯ ಮಾದರಿಯನ್ನು ಒಬ್ಬರಿಗೆ ತೊಡಿಸಿ ನೋಡುವುದಿತ್ತು. ಅಣ್ಣ ಡ್ಯೂಟಿಗೆ ಹೋಗಿದ್ದ. ಅಮ್ಮ ಕೆಳಗಿನ ಮನೆಯವರ ಜೊತೆ ಮೆಟ್ಟಿಲಲ್ಲಿ ಮಾತಿಗೆ ಕೂತಿದ್ದಳು. ಅಂದರೆ ಸದ್ಯಕ್ಕೆ ಬರುವುದಿಲ್ಲ.

ಕಂಪ್ಯೂಟರಿನ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದೆ. ಫ್ಯಾನಿನ ರೆಕ್ಕೆಗೆ ಬಣ್ಣಬಣ್ಣದ ನೂಲಿನ ಎಳೆಗಳು ಸುತ್ತಿಕೊಂಡಿದ್ದವು. ಅವನ್ನು ಚಿಮಟದಲ್ಲಿ ಒಂದೊಂದಾಗಿ ಬಿಡಿಸಿದೆ. ಹಳೆಯ ಡ್ರೈವ್ ಒಂದು ಮೂಲೆಯಲ್ಲಿತ್ತು, ಅದರಿಂದ ಹೊರಟ ಕೇಬಲ್, ಭಾಗಗಳೆಲ್ಲ ಬಂದು ಸೇರುವ ದೊಡ್ಡ ಹಲಗೆಯಾದ ಮದರ್‌ಬೋರ್ಡಿನ ಅಂಚಿನ ಒಂದು ಕಿಂಡಿಗೆ ಸೇರಿತ್ತು. ಹೊಸದಕ್ಕೆ ಕೇಬಲ್ಲೇ ಬೇಡ. ಮುರಿದ ಬಾಚಣಿಗೆಯ ತುಂಡಿನಂತಿರುವ ಅದನ್ನು ಬೋರ್ಡಿನ ಮೇಲೇ ಇರುವ ಸೀಳಿಗೆ ಓರೆಯಾಗಿ ತೂರಿಸಿ, ಒತ್ತಿ ಮಲಗಿಸಿ, ತುದಿಗೆ ಒಂದು ಸಣ್ಣ ಸ್ಕ್ರೂ ಹಾಕಿದರೆ ಮುಗಿಯಿತು. ಮುಗಿಸಿ ಸ್ವಿಚ್ ಒತ್ತಿದೆ.

ಕಪ್ಪು ಪರದೆ. ಶುರುವಾಗಲು ಡ್ರೈವ್ ಸಿಗುತ್ತಿಲ್ಲ ಎಂದು ಬಿಳಿ ಅಕ್ಷರದಲ್ಲಿ ಒಂದು ಸಾಲು.

ಮದರ್‌ಬೋರ್ಡ್ ತನ್ನೊಳಗೆ ಯಾರು ಯಾರು ಇದ್ದಾರೆಂದು ತೋರಿಸುವ ಬಯಾಸ್ ಎಂಬ ಪುಟವಿದೆ. ಅಲ್ಲಿಗೆ ಹೋದೆ. ಹೊಸ ಡ್ರೈವಿನ ಹೆಸರು ಮೆರೆಯುತ್ತಿತ್ತು. ಹಳೆಯದರ ಹೆಸರೇ ಇಲ್ಲ. ಅತ್ತಿಗೆಯ ಅಷ್ಟು ವರ್ಷದ ತೋಳು, ಕೊರಳು, ಬೆನ್ನು ಎಲ್ಲ ಇದ್ದದ್ದು ಹಳೆಯದರಲ್ಲಿ.

ಯಂತ್ರ ಆರಿಸಿ ಹಳೆಯದರ ಕೇಬಲನ್ನು ಕಿತ್ತು ಒರೆಸಿ ಅದೇ ಕಿಂಡಿಗೆ ಮತ್ತೆ ಸಿಕ್ಕಿಸಿದೆ. ಕಾಣಲಿಲ್ಲ. ಬೇರೆ ಕೇಬಲ್ ಹುಡುಕಿ ಹಾಕಿದೆ, ಕರೆಂಟಿನ ತಂತಿ ಬದಲಿಸಿದೆ. ಕಾಣಲಿಲ್ಲ. ಆಗ ನಾನು ತೊಟ್ಟಿದ್ದ ಉಣ್ಣೆಯ ಸ್ವೆಟರಿನ ಮೇಲೆ ಅನುಮಾನ ಬಂತು. ಅದು ಮೈಗೆ ಉಜ್ಜಿ ಹುಟ್ಟಿದ ಕಿಡಿ ನನ್ನ ಬೆರಳಿನಿಂದ ಹಾರಿ ಹಳೆಯ ಡ್ರೈವನ್ನು ಸುಟ್ಟಿರಬೇಕು. ಹೊಸದು ಚೆನ್ನಾಗಿಯೇ ಇದೆ, ಆದ್ದರಿಂದ ಕೆಟ್ಟದ್ದು ಹಳೆಯದೇ. ನನ್ನ ತರ್ಕ ಅಲ್ಲಿಗೆ ನಿಂತಿತು. ಅತ್ತಿಗೆಯನ್ನು ಉಳಿಸಿಕೊಳ್ಳಲು ಹೋಗಿ ನಾನೇ ಓಡಿಸಿದಂತಾಯಿತು.

ಸ್ವೆಟರ್ ಬಿಚ್ಚಿ ಮೂಲೆಗೆಸೆದು ನೆಲದ ಮೇಲೆ ಕೂತಿದ್ದಾಗ ಅತ್ತಿಗೆ ಬಂದುಬಿಟ್ಟರು. ಮಾದರಿ ಅಂಗಿಯ ತೋಳು ಎತ್ತಿದರೆ ಬೆನ್ನು ಎಳೆಯುತ್ತಿದೆಯಂತೆ, ಸಂಜೆಯೊಳಗೆ ತಿದ್ದಿ ಕಳಿಸಬೇಕಂತೆ, ಅದಕ್ಕೇ ಬೇಗ ಬಂದೆ ಎಂದು ಚಪ್ಪಲಿ ಬಿಡುತ್ತಲೇ ಹೇಳಿಕೊಂಡು ಬಂದವರು ಬಿಚ್ಚಿದ ಕ್ಯಾಬಿನೆಟ್ ನೋಡಿ ನಿಂತರು.

“ಆನ್ ಆಗ್ತಿಲ್ಲ” ಎಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಕಂಪ್ಯೂಟರ್ ತಾನಾಗಿಯೇ ಕೆಟ್ಟಿದೆ, ನಾನು ಪಾಪ ಅವರಿಗೋಸ್ಕರ ಸರಿಮಾಡಲು ಕೂತಿದ್ದೇನೆ ಎಂದು ಅತ್ತಿಗೆ ತಿಳಿದರು. ತಿಂಡಿಯನ್ನಾದರೂ ತಿಂದೆಯಾ ಎಂದು ಕೇಳಿದರು. ನನ್ನ ಮೂಗಿಗೆ ಹತ್ತಿದ ಧೂಳನ್ನು ತಮ್ಮ ಕರ್ಚೀಫಿನಿಂದ ಒರೆಸಿದರು. ಬೈದಿದ್ದರೆ ಒಳ್ಳೆಯದಿತ್ತು.

ಅಷ್ಟರಲ್ಲಿ ಅಮ್ಮನೂ ಮೇಲೆ ಬಂದಳು. ಅವಳ ಕಾಲದಲ್ಲಿ ರೇಡಿಯೊ ನಿಂತರೆ ತಲೆಯ ಮೇಲೊಂದು ಕೊಟ್ಟರೆ ಹಾಡುತ್ತಿತ್ತು. ಆ ವೈದ್ಯವನ್ನೇ ಕ್ಯಾಬಿನೆಟ್ಟಿಗೂ ಮಾಡಹೋದವಳ ಕೈಯನ್ನು ಅತ್ತಿಗೆ ಹಿಡಿದುಕೊಂಡರು. ಏನಾಯಿತೇ ಎಂದು ಅಮ್ಮ ನನ್ನನ್ನು ಕೇಳಿದಳು. ನಾನು ನೆಲ ನೋಡಿದೆ.

“ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಮ್ಮನೇಲಿ ಬಂಗಾರ ಇಡೋಕೆ ಜಾಗ ಸಾಲ್ತಿಲ್ಲ” ಎಂದು ಅಮ್ಮ ಅತ್ತಿಗೆಗೆ ಹೇಳಿದಳು.

ಅತ್ತಿಗೆ ಅಣ್ಣನಿಗೆ ಫೋನ್ ಮಾಡಿದರು. ಕಂಪ್ಯೂಟರ್ ಕೈಕೊಟ್ಟಿದೆ, ಇನ್ನು ಕಾರ್ಖಾನೆಗೆ ಹೋಗಿಯೇ ಕೂರಬೇಕು, ಬಾಡಿಗೆ ಮನೆಯವರಿಗೆ ಹೂಂ ಎಂದುಬಿಡೋಣವೇ ಎಂದು ಕೇಳುತ್ತಿದ್ದರು. ಅವನಿಗೆ ಕೆಲಸವಿತ್ತು, ಸ್ವಲ್ಪ ಹೊತ್ತು ಬಿಟ್ಟು ನಾನೇ ಮಾಡುತ್ತೇನೆ ಎಂದನಂತೆ. ಅತ್ತಿಗೆ ಫೋನ್ ಇಟ್ಟು ನನ್ನ ಎದುರು ನೆಲದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಕೆಟ್ಟ ಅಂಗಿಯನ್ನು ನೋಡುವ ಹಾಗೆ ಕ್ಯಾಬಿನೆಟ್ಟಿನೊಳಗೆ ನೋಡಿದರು.

“ನಂಗೆ ಇದ್ರ ತಲೆಬುಡ ಗೊತ್ತಿಲ್ಲ. ಆದ್ರೆ ಅಂಗಿ ಕೆಟ್ರೆ ನಾವು ಕೊನೆಯ ಹೊಲಿಗೆಯಿಂದ ಬಿಚ್ತೀವಿ. ಮಧ್ಯಕ್ಕೆ ಕೈ ಹಾಕಿದ್ರೆ ಬಟ್ಟೆ ಹರಿಯುತ್ತೆ. ಇದಕ್ಕೆ ಕೊನೆಗೆ ಹಾಕಿದ ಹೊಲಿಗೆ ಯಾವ್ದು?”

ನನ್ನ ಕೈ ಜೇಬಿನೊಳಗೆ ಹೋಯಿತು. ಆ ಜೇಬು ಅವರು ಹೊಲಿದದ್ದು. ಒಳಗೆ ಹೊಲಿಗೆಯ ಅಂಚು ಬೆರಳಿಗೆ ಸಿಗುತ್ತಿತ್ತು. ಕೈ ಹೊರತೆಗೆದು, ಬೋರ್ಡಿನ ಮೇಲೆ ಅಡ್ಡ ಮಲಗಿದ್ದ ಹೊಸ ಡ್ರೈವನ್ನು ಬೆರಳಲ್ಲಿ ತೋರಿಸಿದೆ.

ಅತ್ತಿಗೆ ಬಗ್ಗಿ ನೋಡಿದರು. ಇದು ನನ್ನದಲ್ಲವಲ್ಲ ಎಂದರು. ನಾನು ಹೌದೆಂದು ತಲೆಯಾಡಿಸಿದೆ. ನೀನು ತಂದದ್ದಾ ಎಂದರು. ಮತ್ತೆ ತಲೆಯಾಡಿಸಿದೆ. ಅವರ ಹುಬ್ಬು ಮೇಲೇರಿತು, ಆದರೆ ಆಗ ಏನೂ ಕೇಳಲಿಲ್ಲ. ಸ್ಕ್ರೂ ಡ್ರೈವರನ್ನು ನನ್ನ ಕೈಗೆ ಕೊಟ್ಟು ಬಿಚ್ಚು ಎಂದರು.

ಕರೆಂಟು ತೆಗೆದು ಸ್ಕ್ರೂ ಬಿಚ್ಚಿದೆ. ಮಲಗಿದ್ದ ಡ್ರೈವ್ ಟಕ್ಕನೆ ತಲೆಯೆತ್ತಿತು. ಎಳೆದು ಹೊರಗಿಟ್ಟು ಸ್ವಿಚ್ ಒತ್ತಿದೆ. ಕಪ್ಪು ಪರದೆ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಅತ್ತಿಗೆಯ ಪರದೆಯ ಹಳೆಯ ಚಿತ್ರ, ಅದರ ಮೇಲೆ ಅವರ ಫೈಲುಗಳು ಸಾಲುಸಾಲಾಗಿ ಎದ್ದುಬಂದವು. ಅಮ್ಮ ಉಸ್ಸೆಂದು ಕುರ್ಚಿಗೆ ಒರಗಿದಳು. ಹೊಸಬರು ಬಂದರೆಂದು ಹಳಬರು ಮುನಿಸಿಕೊಂಡು ಬಾಗಿಲು ಹಾಕಿಕೊಳ್ಳುವುದು ಕಂಪ್ಯೂಟರಿನಲ್ಲೂ ಉಂಟೇ ಎಂದು ಕೇಳಿದಳು.

ಆಗ ನನಗೆ ಹೊಳೆಯಿತು. ಮುನಿಸಲ್ಲ, ಸುಟ್ಟದ್ದೂ ಅಲ್ಲ. ಹೊಸ ಡ್ರೈವಿನ ಸೀಳಿಗೂ ಹಳೆಯದರ ಕೇಬಲ್ ಸೇರಿದ್ದ ಕಿಂಡಿಗೂ ಮದರ್‌ಬೋರ್ಡ್ ಒಂದೇ ದಾರಿ ಇಟ್ಟಿದೆ. ಸೀಳಿನಲ್ಲಿ ಯಾರಾದರೂ ಬಂದು ಮಲಗಿದರೆ ಆ ಕಿಂಡಿಯನ್ನು ತಾನೇ ಮುಚ್ಚಿಬಿಡುತ್ತದೆ. ನಾನು ಕೇಬಲ್ ಬದಲಿಸಿದ್ದೆ, ಕಿಂಡಿ ಬದಲಿಸಿರಲಿಲ್ಲ. ಕೆಲವು ಬೋರ್ಡುಗಳು ಹೀಗೆ, ಪಕ್ಕದಲ್ಲೇ ಬೇರೆ ಕಿಂಡಿಗಳು ಖಾಲಿ ಇವೆ, ಅವುಗಳ ದಾರಿ ಬೇರೆ, ಹಳೆಯದನ್ನು ಅಲ್ಲಿಗೆ ಸರಿಸಿದರೆ ಇಬ್ಬರೂ ಇರಬಹುದು, ಯಾರೂ ಹೋಗಬೇಕಾಗಿಲ್ಲ ಎಂದು ಒಂದೇ ಉಸಿರಿಗೆ ಹೇಳುತ್ತ ಹೋದೆ. ಹೇಳುತ್ತಲೇ ಯಂತ್ರ ಆರಿಸಿ, ಕೇಬಲ್ ಸರಿಸಿ, ಹೊಸದನ್ನು ಮತ್ತೆ ಮಲಗಿಸಿ ಸ್ವಿಚ್ ಒತ್ತಿದೆ. ಬಯಾಸಿನಲ್ಲಿ ಎರಡು ಹೆಸರೂ ಕಾಣಿಸಿದವು.

ತಲೆಯೆತ್ತಿದರೆ ಅಮ್ಮ ಮತ್ತು ಅತ್ತಿಗೆ ಪರದೆಯನ್ನಲ್ಲ, ನನ್ನನ್ನು ನೋಡುತ್ತಿದ್ದರು. ಇದು ಒಂದೇ ಕಂಕುಳಿಗೆ ಎರಡು ತೋಳು ಹೊಲಿದ ಹಾಗಾಯಿತು ಅನ್ನು ಎಂದು ಅತ್ತಿಗೆ ನಕ್ಕರು. ಇಷ್ಟು ಮಾತು ಇವಳಿಗೆ ಯಾವಾಗ ಬಂತು ಎಂದು ಅಮ್ಮ ಅಡುಗೆಮನೆಗೆ ಹೋಗುತ್ತ ತನ್ನಷ್ಟಕ್ಕೆ ಕೇಳಿಕೊಂಡಳು.

ಪ್ಯಾಟರ್ನುಗಳನ್ನೆಲ್ಲ ಹೊಸದಕ್ಕೆ ಸಾಗಿಸಿದೆ. ಅತ್ತಿಗೆ ತೋಳಿನ ಫೈಲು ತೆರೆದರು. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಅವರು ಕಂಕುಳ ಗೆರೆಯನ್ನು ಒಂಚೂರು ಕೆಳಗೆ ಬಾಗಿಸಿ, ಹಿಂದೆ ಸರಿದು ನೋಡಿ, ಮತ್ತೊಂಚೂರು ಬಾಗಿಸಿ ಕಾರ್ಖಾನೆಗೆ ಕಳಿಸಿದರು. ಮೇಲ್ವಿಚಾರಕಿಯಿಂದ ಉತ್ತರವೂ ಬಂತು: ಇದೇ ವೇಗದಲ್ಲಿ ಆಗುವುದಾದರೆ ಇಲ್ಲಿಗೆ ಬಂದು ಕೂರುವ ಅಗತ್ಯವಿಲ್ಲ.

ಅತ್ತಿಗೆ ಕುರ್ಚಿ ತಿರುಗಿಸಿದರು.

“ನಂಗೆ ಯಾಕೆ ತಂದೆ ಇದನ್ನ?”

ಬಾಯಿ ತೆರೆದೆ. ಹೊಸ ಡ್ರೈವಿನ ಖಾಲಿ ಡಬ್ಬಿ ಮೇಜಿನ ಮೇಲಿತ್ತು, ಅದನ್ನು ತೆಗೆದು ಇನ್ನೊಂದು ಕಡೆ ಇಟ್ಟೆ. ಹೇಳಲೇಬೇಕೆಂದೇನಿಲ್ಲ ಎಂದು ಅತ್ತಿಗೆ ಮೆಲ್ಲಗೆ ಅಂದರು. ಅದೇ ಹೊತ್ತಿಗೆ ಅಣ್ಣನ ಫೋನ್ ಬಂತು. ಮಾತಾಡುತ್ತ ಬಾಲ್ಕನಿಗೆ ಹೋದರು.

ಕಂಪ್ಯೂಟರ್ ಸರಿಹೋಯಿತು ಎಂದು ಅತ್ತಿಗೆ ಹೇಳುವುದು ಕೇಳಿಸಿತು. ಹಾಗಾದರೆ ಮನೆ ಬೇಡ ಎಂದುಬಿಡಲೇ ಎಂದು ಅವನು ಕೇಳಿರಬೇಕು. ತಂತಿಯ ಮೇಲೆ ಒಣಗಿದ್ದ ನನ್ನ ಅಂಗಿಯೊಂದರ ಜೇಬು ಹೊರಗೆ ಬಂದಿತ್ತು. ಅತ್ತಿಗೆ ಅದನ್ನು ಒಳಗೆ ತೂರಿಸಿ ಸರಿಮಾಡುತ್ತ ನಿಂತಿದ್ದರು. ಆಮೇಲೆ, ಕಂಪ್ಯೂಟರ್ ಒಂದೇ ಅಲ್ಲವಲ್ಲ ಕಣ್ರೀ ಎಂದರು.

ನಾನು ಬಾಲ್ಕನಿಯ ಬಾಗಿಲಿಗೆ ಬಂದು ನಿಂತೆ. ಅವರ ಬೆನ್ನು ನನ್ನ ಕಡೆಗಿತ್ತು. ಅಭ್ಯಾಸಬಲ, ಕೆಮ್ಮಿದೆ.

“ಅತ್ತೇ, ಇವಳ ಔಷಧ ಮುಗೀತಾ ನೋಡಿ” ಎಂದು ಅತ್ತಿಗೆ ತಿರುಗದೆಯೇ ಒಳಗಿದ್ದ ಅಮ್ಮನಿಗೆ ಕೂಗಿ ಹೇಳಿದರು. ದನಿಯಲ್ಲಿ ನಗುವಿತ್ತು. ಈ ಕೆಮ್ಮು ಎಂಥದ್ದೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಎರಡೂ ಕೈಗಳನ್ನು ಜೇಬಿನಿಂದ ಹೊರತೆಗೆದೆ. ಎಲ್ಲಿಡಬೇಕೆಂದು ತಿಳಿಯಲಿಲ್ಲ, ಹಾಗೇ ಬಿಟ್ಟೆ.

“ಅತ್ತಿಗೆ” ಎಂದೆ. ಅವರು ತಿರುಗಿದರು. ಫೋನಿನೊಳಗಿಂದ ಅಣ್ಣ ಹಲೋ ಹಲೋ ಎನ್ನುತ್ತಿದ್ದ.

“ಅತ್ತಿಗೆ, ನೀವು ಹೋಗೋದು ನಂಗೆ ಇಷ್ಟ ಇಲ್ಲ.”