ದಿನೇಶ ಮಾವ ನಮಗೆ ಯಾರೂ ಅಲ್ಲ

ನನ್ನ ತಮ್ಮ ಮಾಲತೇಶನಿಗೆ ಬಾಯಿ ಜಾಸ್ತಿ. ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುವವನೇ ಅಲ್ಲ. ಚೆನ್ನೈಯ ಅಮೆರಿಕನ್ ಕಾನ್ಸುಲೇಟಿನಲ್ಲಿ ಗಾಜಿನ ಆಚೆ ಕೂತಿದ್ದ ಆಫೀಸರಮ್ಮ, ನಿನ್ನ ಹಡಗು ಯಾವ ಬಂದರಿಗೆ ಬರುತ್ತದೆ ಎಂದು ಕೇಳಿದ್ದಾಳೆ. ಮಯಾಮಿ ಎಂದು ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವನು ಹಲ್ಲು ಕಿರಿದು, "ಮಯಾಮಿ ಮೇಡಂ, ಅಲ್ಲೇ ಹತ್ತಿರದಲ್ಲಿ ನನ್ನ ಸೋದರಮಾವ ಇದ್ದಾರೆ, ಹಡಗು ನಿಂತ ದಿನ ಊಟ ತರುತ್ತೇನೆ ಅಂದಿದ್ದಾರೆ" ಎಂದುಬಿಟ್ಟಿದ್ದಾನೆ.

ಅರ್ಜಿಯಲ್ಲಿ ಮಾತ್ರ ಅಮೆರಿಕದಲ್ಲಿ ನೆಂಟರು ಯಾರೂ ಇಲ್ಲ ಎಂದು ಬರೆದಿತ್ತು. ಆಕೆ ಒಮ್ಮೆ ಕಂಪ್ಯೂಟರ್ ನೋಡಿದಳಂತೆ, ಒಮ್ಮೆ ಇವನ ಮುಖ ನೋಡಿದಳಂತೆ. ಆಮೇಲೆ ಪಾಸ್‌ಪೋರ್ಟನ್ನು ಹಾಗೇ ವಾಪಸ್ ಕೊಟ್ಟು, ವೀಸಾ ಇಲ್ಲ ಅಂದಳು.

ಮಾಲತೇಶ ಹೊಸಪೇಟೆಯ ಲಾಡ್ಜೊಂದರ ಅಡುಗೆಮನೆಯಲ್ಲಿ ಎಂಟು ವರ್ಷ ದುಡಿದವನು. ಪ್ರವಾಸಿಗರ ದೊಡ್ಡ ಹಡಗಿನಲ್ಲಿ ಅಡುಗೆ ಸಹಾಯಕನ ಕೆಲಸ ಸಿಕ್ಕಿತೆಂದು ಲಾಡ್ಜಿಗೆ ರಾಜೀನಾಮೆ ಕೊಟ್ಟು, ಪಾಪಿನಾಯಕನಹಳ್ಳಿಯ ನೆಂಟರಿಗೆಲ್ಲ ಪೇಡೆ ಹಂಚಿ ಬಂದಿದ್ದ. ಈಗ ಹಡಗು ಹೊರಡುವುದರೊಳಗೆ ವೀಸಾ ಬರದಿದ್ದರೆ ಆ ಜಾಗ ಇನ್ನೊಬ್ಬನಿಗೆ ಎಂದು ಕಂಪನಿಯವರು ಮೆತ್ತಗೆ ಹೇಳಿದ್ದರು. ಪೇಡೆ ತಿಂದವರು ದಿನಕ್ಕೊಬ್ಬರಂತೆ ಫೋನ್ ಮಾಡಿ, ಯಾವತ್ತು ಹೋಗ್ತಾನ ಎಂದು ಕೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ನಾನು ಅವನನ್ನು ಎಳೆದುಕೊಂಡು ಹೊನ್ನೂರುಸ್ವಾಮಿಯ ಅಂಗಡಿಗೆ ಹೋದೆ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಪಕ್ಕ ಪಾಸ್‌ಪೋರ್ಟು, ಟಿಕೆಟ್ಟು, ವೀಸಾ ಅರ್ಜಿ ಎಲ್ಲವನ್ನೂ ತುಂಬಿಕೊಡುವವನು ಅವನೇ.

"ಫಾರಂನಾಗ ನೆಂಟರು ಇಲ್ಲ ಅಂತ ಯಾಕ ಬರ್ದಿ?" ಎಂದು ಕೇಳಿದೆ.

"ನಿಮ್ಮವ್ವಗ ಅಣ್ಣತಮ್ಮರು ಇಲ್ಲ ಅನ್ನೋದು ಇಡೀ ಹಂಪಿಗೆ ಗೊತ್ತೈತಿ ಪಂಪಾವತಕ್ಕ. ನಾ ಖರೇನ ಬರ್ದೀನಿ," ಎಂದ ಹೊನ್ನೂರುಸ್ವಾಮಿ. "ಇದು ಹಡಗಿನ ಕೆಲಸದವರ ವೀಸಾ. ಊರು ನೋಡೋರ್ದಲ್ಲ. ಹಡಗಿನ ಕೂಡ ಹೋಗ್ಬೇಕು, ಹಡಗಿನ ಕೂಡ ದೇಶ ಬಿಟ್ಟು ಬರ್ಬೇಕು. ನಡುವ ನೆಲಕ್ಕ ಕಾಲಿಡಾಕೂ ಬಂದರಿನ ಆಫೀಸರು ಹೂಂ ಅನ್ಬೇಕು. ಅಂಥಾದ್ರಾಗ ಇವ ಮಾವ ಅದಾನ, ಊಟ ತರ್ತಾನ ಅಂದ್ರ, ಇಳಿದವ ಹೊಳ್ಳಿ ಹಡಗು ಹತ್ತಾಂಗಿಲ್ಲ ಅಂತನ ತಿಳ್ಕೊಂತಾರ."

"ಈಗೇನು ಮಾಡೋದು?"

"ಇನ್ನೊಮ್ಮೆ ಅರ್ಜಿ ಹಾಕೋಣು. ಕೇಳಿದ್ರ ಇದ್ದದ್ದು ಇದ್ದಾಂಗ ಹೇಳ್ಲಿ. ಅವ್ರು ನಮ್ಮ ಮನ್ಯಾಗ ಇಳ್ಕೊಳ್ಳೋ ಟೂರಿಸ್ಟು, ರಕ್ತಸಂಬಂಧ ಏನಿಲ್ಲ, ನಮ್ಮ ಕಡೆ ಸುಮ್ನ ಮಾವ ಅಂತೀವಿ ಅಂತ. ಸುಳ್ಳೇನು ಅಲ್ಲಲ್ಲ."

ಸುಳ್ಳಲ್ಲ, ನಿಜ. ಆದರೆ ಈ ನಿಜವನ್ನು ನಮ್ಮವ್ವ ಹೊಳೆಮ್ಮನ ಮುಂದೆ ಹೇಳುವವರು ಯಾರು?

ದಿನೇಶ ಮಾವನ ನಿಜವಾದ ಹೆಸರು ಡೆನಿಸ್. ಅವ್ವನ ನಾಲಿಗೆಗೆ ಅದು ಹೊರಳಲಿಲ್ಲ, ದಿನೇಶ ಎಂದಳು, ಅದೇ ನಿಂತಿತು. ಅಮೆರಿಕದಲ್ಲಿ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಹೆಂಡತಿ ತೀರಿಹೋದ ಮೇಲೆ ಹಂಪಿಗೆ ಬಂದವನು ಜನತಾ ಪ್ಲಾಟಿನ ನಮ್ಮ ಮನೆಯಲ್ಲಿ ರೂಮು ಹಿಡಿದ. ಮರುವರ್ಷವೂ ಚಳಿಗಾಲಕ್ಕೆ ಬಂದ, ಅದರ ಮರುವರ್ಷವೂ ಬಂದ. ಅವ್ವನ ಒಲೆಯ ಪಕ್ಕ ಮಣೆ ಹಾಕಿಕೊಂಡು ಚಕ್ಕಳಮಕ್ಕಳ ಕೂತು ರೊಟ್ಟಿ ತಿನ್ನುತ್ತಾ ಕನ್ನಡ ಕಲಿತ. ಅದೂ ಎಂಥ ಕನ್ನಡ, ನಮ್ಮವ್ವನದೇ ಪಡಿಯಚ್ಚು.

ನನ್ನ ಮದುವೆಯಲ್ಲಿ ಹೆಣ್ಣನ್ನು ಕೈಹಿಡಿದು ಹಂದರಕ್ಕೆ ಕರೆತರಲು ಸೋದರಮಾವ ಬೇಕು ಎಂದರು ಹಿರಿಯರು. ಅವ್ವನಿಗೆ ಒಡಹುಟ್ಟಿದವರಿಲ್ಲ. ದೂರದ ನೆಂಟನೊಬ್ಬನನ್ನು ಹುಡುಕೋಣ ಎನ್ನುತ್ತಿದ್ದಾಗ, ಡೆನಿಸ್ ಎದ್ದು ನಿಂತು, "ನಾ ಬರ್ತೀನಿ" ಎಂದ. ಪಂಚೆ ಸರಿಯಾಗಿ ಉಡಲು ಬರದೆ ಅದರ ಮೇಲೆ ಬೆಲ್ಟು ಬಿಗಿದು, ತಲೆಗೆ ರುಮಾಲು ಸುತ್ತಿಸಿಕೊಂಡು ನನ್ನನ್ನು ಕರೆದುಕೊಂಡು ಹೋದ. ತಂಗಿಗೆಂದು ಅವ್ವನಿಗೆ ಇಳಕಲ್ ಸೀರೆ ಉಡುಗೊರೆ ಕೊಟ್ಟ. ಅವತ್ತಿನಿಂದ ಅವ್ವನಿಗೆ ಅಣ್ಣ, ನಮಗೆ ಮಾವ. ಅವ್ವ ಆಮೇಲೆ ಅವನಿಂದ ರೂಮಿನ ಬಾಡಿಗೆ ಮುಟ್ಟಲಿಲ್ಲ.

ಮಾಲತೇಶನಿಗೆ ವೀಸಾ ಇಲ್ಲ ಅಂದ ಈ ಚಳಿಗಾಲದಲ್ಲೂ ಮಾವ ನಮ್ಮ ಮನೆಯಲ್ಲೇ ಇದ್ದ. ನಾನು ಹೊಸಪೇಟೆಯಿಂದ ಬಂದು ಒಲೆಯ ಮುಂದೆ ಎಲ್ಲವನ್ನೂ ಒದರಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಇರೋ ಅಣ್ಣನ್ನ ಇಲ್ಲ ಅನ್ನಿಸ್ಕೊಳ್ಳೋ ಹಡಗು ನಮಗ ಬ್ಯಾಡ," ಎಂದಳು.

"ಬ್ಯಾಡ ಅನ್ನಾಕ ಕೆಲಸ ಬಿಟ್ಟು ಕುಂತಾಕಿ ನೀನಾ? ಅವ ಕುಂತಾನ," ಎಂದೆ. ನನಗೂ ಸಿಟ್ಟು ನೆತ್ತಿಗೇರಿತ್ತು.

"ಆಫೀಸಿನವ್ರಿಗೆ ಸಂಬಂಧ ಅಂದ್ರ ಏನು ಗೊತ್ತು?"

"ಅವ್ರಿಗೆ ಗೊತ್ತಿರೋದಷ್ಟ ನಾವು ಹೇಳೋಣು ಅಂತೀನಿ."

ಮಾಲತೇಶ ನೆಲ ನೋಡುತ್ತಾ ಕೂತಿದ್ದ. ಮಾವ ಬೆರಳಿಗೆ ಅಂಟಿದ್ದ ಚಟ್ನಿ ನೆಕ್ಕಿಕೊಂಡು ಎದ್ದ. ಅಂಗಳದಿಂದ ಪ್ಲಾಸ್ಟಿಕ್ ಕುರ್ಚಿ ತಂದು ನಡುಮನೆಯಲ್ಲಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತ.

"ಬಾರಪ್ಪ, ನಾ ಈಗ ಆಫೀಸರ್," ಎಂದ. ಆಮೇಲೆ ಇಂಗ್ಲಿಷಿನಲ್ಲಿ, ತೀರಾ ಪರಕೀಯ ದನಿಯಲ್ಲಿ ಕೇಳಿದ. ಅಮೆರಿಕದಲ್ಲಿ ನಿನಗೆ ಯಾರಾದರೂ ಸಂಬಂಧಿಕರು ಇದ್ದಾರೆಯೇ?

ಮಾಲತೇಶ ಅವನ ಎದುರು ನಿಂತ. "ಮಾವ, ನಿನ್ನ ಮುಂದ ಹೆಂಗ ಹೇಳ್ಲಿ," ಎಂದ.

"ಇಲ್ಲಿ ಮಾವ ಯಾರಿಲ್ಲ. ಆಫೀಸರ್ ಅದಾನ. ಹೇಳು."

"ನೋ ಸರ್."

"ಜೋರಾಗಿ."

"ನೋ ಸರ್."

"ನನ್ನ ಕಣ್ಣು ನೋಡಿ ಹೇಳು. ನೆಲ ನೋಡಿದ್ರ ಸುಳ್ಳು ಅಂತಾರ."

ಮೂರನೆಯ ಸಲ ಮಾಲತೇಶ ಕಣ್ಣಲ್ಲಿ ಕಣ್ಣಿಟ್ಟು, ನನಗೆ ಅಲ್ಲಿ ಯಾರೂ ಇಲ್ಲ, ಅವರು ನಮ್ಮ ಮನೆಗೆ ಬರುವ ಪ್ರವಾಸಿ, ಎಂದು ಇಂಗ್ಲಿಷಿನಲ್ಲಿ ತಡವರಿಸದೆ ಹೇಳಿದ. ಮಾವ "ಮಸ್ತ್" ಎಂದು ಅವನ ಬೆನ್ನು ತಟ್ಟಿದ. ನಗುತ್ತಲೇ ತಟ್ಟಿದ. ಹೇಳಿಸಿದವಳು ನಾನೇ, ಆದರೂ ನೋಡಲಾಗದೆ ಒಲೆಯ ಕಡೆ ತಿರುಗಿದೆ. ಅವ್ವನ ರೊಟ್ಟಿಯ ಸದ್ದು ಆಗಲೇ ನಿಂತುಹೋಗಿತ್ತು.

ಮರುದಿನ ಬೆಳಿಗ್ಗೆ ಮಾವ ಒಲೆಯ ಹತ್ತಿರ ಬರಲಿಲ್ಲ. ಹೊರಗೆ ಟೂರಿಸ್ಟುಗಳಿಗೆಂದು ಹಾಕಿದ ಟೇಬಲ್ಲಿನಲ್ಲಿ ಹೋಗಿ ಕೂತ. ಯಾಕೆ ಅಂದೆ. "ಹುಡುಗ ಹೇಳೋ ಮಾತು ಖರೇ ಆಗ್ಬೇಕಲ್ಲ. ನಾ ಈಗ ಟೂರಿಸ್ಟ್," ಎಂದ. ಅವ್ವ ಒಳಗಿಂದ ನೋಡಿದಳು. ತಟ್ಟೆಗೆ ಎರಡು ಮಿರ್ಚಿ ಬಜ್ಜಿ ಹೆಚ್ಚಿಗೆ ಹಾಕಿ ನನ್ನ ಕೈಯಲ್ಲಿ ಕಳಿಸಿದಳು. ಅವನು ಹೊರಗೆ ತಿಂದ, ಅವಳು ಒಳಗೆ ತಿಂದಳು. ಹಾಗೇ ದಿನಗಳು ಹೋದವು. ನಾನು ನಡುವೆ ತಟ್ಟೆ ಹೊತ್ತುಕೊಂಡು ಇಬ್ಬರನ್ನೂ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಎರಡನೆಯ ಸಲ ಚೆನ್ನೈಯಲ್ಲಿ ಬೇರೆ ಆಫೀಸರು ಇದ್ದನಂತೆ. ಕಂಪನಿಯ ಕಾಗದ ನೋಡಿದ. ಹೋದ ಸಲ ಸೋದರಮಾವ ಇದ್ದಾನೆ ಅಂದಿದ್ದೆಯಲ್ಲ, ಎಂದು ನೇರವಾಗಿ ಅದನ್ನೇ ಕೇಳಿದ. ಮಾಲತೇಶ ಕಲಿತದ್ದನ್ನು ಕಲಿತ ಹಾಗೆ ಒಪ್ಪಿಸಿದ. ಆಫೀಸರು, ಹಡಗು ಬಿಟ್ಟು ಎಲ್ಲೂ ಹೋಗಬೇಡ ಎಂದು ಹೇಳಿ ಪಾಸ್‌ಪೋರ್ಟು ಇಟ್ಟುಕೊಂಡ. ವೀಸಾ ಆಯಿತು.

ಪಾಸ್‌ಪೋರ್ಟು ಬಂದ ದಿನ ಮಾಲತೇಶ ಅದನ್ನು ಅವ್ವನ ಕೈಗೆ ಕೊಟ್ಟು ಕಾಲಿಗೆ ಬಿದ್ದ.

"ಆ ಮಾತು ಬಾಯಾಗ ಬಂತೇನು?" ಎಂದು ಕೇಳಿದಳು ಅವ್ವ.

"ಬಂತವ್ವ."

ಅವಳು ತಲೆ ಸವರಿ, ಜೋಪಾನ ಎಂದಳು. ಅವನು ಮುಂಬೈಗೆ ರೈಲು ಹತ್ತಿದ.

ಚಳಿಗಾಲ ಮುಗಿದು ಬಿಸಿಲು ಏರಿದ ಮೇಲೆ ಮಾವನೂ ಊರಿಗೆ ಹೊರಟ. ಅವ್ವ ಸಜ್ಜೆ ರೊಟ್ಟಿ ಒಣಗಿಸಿ, ಶೇಂಗಾ ಚಟ್ನಿ ಪುಡಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಬ್ಯಾಗಿಗೆ ತುಂಬಿದಳು. ಅವನು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನ ಮ್ಯಾಲ ಫೋನ್‌ನಾಗ ಮಾವ ಅನ್ಬ್ಯಾಡ. ಡೆನಿಸ್ ಅನ್ನು. ನಮ್ಮ ದೇಶದಾಗ ಎಲ್ಲಾ ನೋಡ್ತಾರ. ಹುಡುಗನ ಕೆಲಸಕ್ಕ ನನ್ನಿಂದ ಕುತ್ತು ಬರಬಾರದು," ಎಂದ. ಇಷ್ಟೊಂದು ಹೆದರಬೇಕಾಗಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಹೆದರಿದ. ಅವ್ವ ಪ್ರತಿವರ್ಷ ಆಟೋದ ಹತ್ತಿರ ನಿಂತು "ಹೋಗಿ ಬಾ ಅಣ್ಣ" ಎನ್ನುತ್ತಿದ್ದವಳು ಆ ವರ್ಷ ಬರೀ ಕೈ ಎತ್ತಿದಳು.

ಆಮೇಲೆ ಅವನ ಮೆಸೇಜುಗಳು ಬರುತ್ತಿದ್ದವು. ಎಲ್ಲ ಇಂಗ್ಲಿಷಿನಲ್ಲಿ, ಕೊನೆಯಲ್ಲಿ ಡೆನಿಸ್ ಎಂದು ಹೆಸರು. ಓದಿ ಹೇಳಿದರೆ ಅವ್ವ ಹೂಂ ಅನ್ನುತ್ತಿದ್ದಳು, ಯಾರೋ ಗಿರಾಕಿ ಬರೆದದ್ದನ್ನು ಕೇಳಿದ ಹಾಗೆ. ಒಲೆಯ ಪಕ್ಕ ಅವನು ಕೂರುತ್ತಿದ್ದ ಮಣೆಯನ್ನು ಎತ್ತಿ ಅಟ್ಟದ ಮೇಲಿಟ್ಟಿದ್ದಳು. ಮಗನಿಗೆ ಹಡಗು ಸಿಕ್ಕಿತು, ಅವಳಿಗೆ ಅಣ್ಣ ಹೋದ. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾಲತೇಶನ ವಿಡಿಯೋ ಕಾಲ್ ಬಂತು. ಹಡಗು ಮಯಾಮಿಗೆ ಬಂದಿತ್ತು, ಅಲ್ಲಿ ಆಗಿನ್ನೂ ಬೆಳಿಗ್ಗೆ. ಬಂದರಿನ ಆಫೀಸರು ಅನುಮತಿ ಕೊಟ್ಟಿದ್ದಾನೆ, ಮಧ್ಯಾಹ್ನದೊಳಗೆ ಹಡಗಿಗೆ ವಾಪಸ್ ಹೋಗಬೇಕು ಎಂದ. "ಅವ್ವ, ಯಾರು ಬಂದಾರ ನೋಡು," ಎಂದು ಫೋನ್ ತಿರುಗಿಸಿದ.

ಬಂದರಿನ ಗೇಟಿನ ಹೊರಗೆ ದಿನೇಶ ಮಾವ ನಿಂತಿದ್ದ. ಕೈಯಲ್ಲಿ ಸ್ಟೀಲ್ ಡಬ್ಬಿ, ನಮ್ಮ ಮನೆಯದೇ. ಅವನ ಪಕ್ಕದಲ್ಲಿ ದಪ್ಪನೆಯ ಕಾವಲಿನವನೊಬ್ಬ ನಿಂತು ಏನೋ ಕೇಳುತ್ತಿದ್ದ. ಈ ಹಡಗಿನವನು ನಿನಗೆ ಏನಾಗಬೇಕು, ಕುಟುಂಬದವನೇ, ಎಂದು ಕೇಳುತ್ತಿದ್ದುದು ನನಗೆ ತಿಳಿಯಿತು. ಮಾವ ನೆಟ್ಟಗೆ ನಿಂತು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಅಲ್ಲ ಸರ್, ಕುಟುಂಬವಲ್ಲ. ಇಂಡಿಯಾಕ್ಕೆ ಹೋದಾಗ ಇವರ ಮನೆಯಲ್ಲಿ ರೂಮು ಹಿಡಿಯುತ್ತೇನೆ, ಅಷ್ಟೇ.

"ಏನಂದ?" ಎಂದು ಕೇಳಿದಳು ಅವ್ವ.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಾವು ಅವಗ ಯಾರೂ ಅಲ್ಲ ಅಂದ," ಎಂದೆ.

ಅವ್ವ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಕಾವಲಿನವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಇವಗ ಕನ್ನಡ ಬರ್ತೈತೇನ ಪಂಪಿ?"

"ಅವಗೆಲ್ಲಿಂದ ಬರ್ಬೇಕು."

ಅವ್ವ ಫೋನನ್ನು ಬಾಯಿಯ ಹತ್ತಿರ ಹಿಡಿದು, ಜನತಾ ಪ್ಲಾಟಿನ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗಿದಳು.

"ಅಣ್ಣಾ, ಉಂಡ್ಯಾ?"

ಮಾವ ಗಾಬರಿಯಿಂದ ಕಾವಲಿನವನ ಕಡೆ ನೋಡಿದ. ಅವನಿಗೆ ಒಂದು ಅಕ್ಷರವೂ ಅರ್ಥವಾಗಿರಲಿಲ್ಲ. ಫೋನಿನೊಳಗಿನ ಮುದುಕಿಗೆ ಸುಮ್ಮನೆ ಕೈ ಬೀಸಿ ಆಚೆ ಹೋದ. ಮಾವ ಡಬ್ಬಿಯನ್ನು ಎದೆಗೆ ಅವಚಿಕೊಂಡು ಫೋನಿನ ಹತ್ತಿರ ಬಂದ. ಕಣ್ಣು ತುಂಬಿದ್ದವು.

"ಇನ್ನೂ ಇಲ್ಲ ತಂಗಿ," ಎಂದ. "ಮೊದ್ಲು ಅಳಿಯಗ ಉಣ್ಣಾಕ ಹಾಕ್ತೀನಿ."

ಅವ್ವ ಫೋನ್ ನನ್ನ ಕೈಗೆ ಕೊಟ್ಟು, ಅಟ್ಟದ ಮೇಲಿನ ಮಣೆ ಇಳಿಸಿ ಕೊಡು ಎಂದಳು.