ಮನೆ ತಪ್ಪೈತೆ

"ಥೂ ಮುಂಡೇದೆ, ಸಾಹೇಬ್ರು ಬಂದಾಗ ಕೂರು ಅಂದಿದ್ದು. ಈಗಲೇ ಸೋಫಾ ಮ್ಯಾಲೆ ಕುಕ್ಕರಿಸಿದ್ಯಾ?"

ಮನೆಯೊಡತಿ ಗಂಗಾಂಬಿಕಾಳ ದನಿಗೆ ರಶ್ಮಿತಾ ದಡಬಡಿಸಿ ಎದ್ದಳು. ಮೈಮೇಲಿದ್ದದ್ದು ಈ ಮನೆಯ ಮಗಳು ಐಶ್ವರ್ಯಳ ಚೂಡಿದಾರ, ಇವತ್ತಿನ ಮಟ್ಟಿಗೆ. ಅಪ್ಪ, ಅವ್ವ ಸತ್ತ ಮೇಲೆ, ಕಣ್ಣು ಮಂಜಾದ ಅಜ್ಜಿಗೆ ಸಾಕುವ ತಾಕತ್ತಿಲ್ಲವೆಂದು ಸರ್ಕಾರದವರು ಅವಳನ್ನು ಚಳ್ಳಕೆರೆಯ ಈ ಎಣ್ಣೆ ಮಿಲ್ಲಿನವರ ಮನೆಗೆ ಒಪ್ಪಿಸಿ ಎರಡು ವರ್ಷವಾಗಿತ್ತು. ಮಲಗುವುದು ಹಿತ್ತಲ ಶೆಡ್ಡಿನಲ್ಲಿ, ಹಿಂಡಿ ಚೀಲಗಳ ಪಕ್ಕ. ಉಣ್ಣುವುದು ಎಲ್ಲರ ಮುಸುರೆ ತಿಕ್ಕಿದ ಮೇಲೆ.

"ನೆಪ್ಪೈತಲ್ಲ? ನನ್ನನ್ನ ಅವ್ವ ಅನ್ಬೇಕು. ಬಾಯಿ ಬಿಟ್ರೆ ಹತ್ತನೇ ಕ್ಲಾಸು ಬಂದ್."

ಸಾಕಲು ಕೊಟ್ಟ ಮಕ್ಕಳನ್ನು ವಿಚಾರಿಸುವ ಅಧಿಕಾರಿ ಬಂದರು. ಟೀ ಕುಡಿದು ಕಾಗದ ತೆಗೆದರು.

"ಮಲಗಾಕೆ ರೂಮು ಐತೇನಮ್ಮಾ?"

"ಐತ್ರಿ."

"ಎಲ್ಲರ ಜೊತೆ ಊಟ?"

"ಹೂಂನ್ರಿ. ಅವ್ವ ಬಡಿಸ್ತಾರೆ."

ರಶ್ಮಿತಾ ಆ ಕಾಗದಕ್ಕೆ ಸಹಿ ಹಾಕಿದಳು.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ದೇವಸಮುದ್ರದಿಂದ ಬಸ್ಸು ಹತ್ತಿ ಬಂದಿದ್ದ ಅಜ್ಜಿ ಸೂರಮ್ಮ, ಸೆರಗಿನಲ್ಲಿ ಹುರಿದ ಶೇಂಗಾ ಗಂಟು ಹಾಕಿಕೊಂಡು, ಬರಿಗಾಲಲ್ಲಿ ಅಂಗಳಕ್ಕೆ ಬಂದೇಬಿಟ್ಟಳು. "ತಲ್ಲೀ... ತಾಯೀ..."

"ಏಯ್, ಯಾವ ಕೇರಿಯೋಳೇ ನೀನು? ಅಲ್ಲೇ ನಿಲ್ಲು!" ಮನೆಯ ಯಜಮಾನ ಓಂಕಾರಮೂರ್ತಿ ಗದರಿದ.

"ನಿಮ್ಮೋರೇನಮ್ಮಾ?" ಅಧಿಕಾರಿ ರಶ್ಮಿತಾಳನ್ನು ಕೇಳಿದರು.

ಅವಳು ಅಜ್ಜಿಯ ಒಡೆದ ಹಿಮ್ಮಡಿ ನೋಡಿದಳು. ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತ ಐಶ್ವರ್ಯಳನ್ನೂ ನೋಡಿದಳು.

"ಅಲ್ರಿ. ನಂಗೊತ್ತಿಲ್ಲ."

ಸೂರಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಕೈ ಮುಗಿದಳು. "ಮನೆ ತಪ್ಪೈತ್ರಪ್ಪಾ. ಕಣ್ಣು ಸರಿಯಾಗಿ ಕಾಣಾದಿಲ್ಲ."

ಗೋಡೆ ತಡಕುತ್ತ ಹೊರಟುಹೋದಳು.

"ಲೇ ಹುಡುಗಿ, ಒಂದು ಬಕೆಟ್ ನೀರು ತಗೊಂಬಂದು ಆ ಮುದುಕಿ ನಿಂತ ಜಾಗ ತೊಳಿ," ಎಂದಳು ಗಂಗಾಂಬಿಕಾ. ಅಧಿಕಾರಿ ಮೊಬೈಲಿನಲ್ಲಿ ತಲೆ ಹುದುಗಿಸಿದರು.

ನಲ್ಲಿಯ ಕೆಳಗೆ ಬಕೆಟ್ ತುಂಬುವಾಗ ರಶ್ಮಿತಾಳಿಗೆ ತನ್ನ ನಾಲಿಗೆಯೇ ಹೇಸಿಗೆಯಾಯಿತು. ಸತ್ತ ಅವ್ವನ ಎದುರು ಬೆತ್ತಲೆ ನಿಂತಂತಾಯಿತು. ಬಕೆಟ್ ಹೊತ್ತು ತಂದವಳು ಅಂಗಳಕ್ಕೆ ಇಳಿಯಲಿಲ್ಲ. ಟೀಪಾಯಿ ಮೇಲಿದ್ದ ಸಹಿಯ ಕಾಗದದ ಮೇಲೆ ಅಷ್ಟೂ ನೀರು ಸುರಿದಳು.

"ಆಯಮ್ಮ ನಮ್ಮಜ್ಜಿ! ನಾನು ಹೇಳಿದ್ದೆಲ್ಲಾ ಸುಳ್ಳು. ನಾನು ಮಲಗಾದು ಹಿಂಡಿ ಶೆಡ್ನಾಗೆ. ಹೊಸದಾಗಿ ಬರ್ಕಳ್ರಿ!"

"ಹಲ್ಕಾ ಮುಂಡೇದೆ!" ಓಂಕಾರಮೂರ್ತಿ ಕೈಯೆತ್ತಿದ. ಆಗಲೇ ಅವಳು ಗೇಟು ದಾಟಿದ್ದಳು.

"ಅಜ್ಜೀ..."

ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಇಬ್ಬರು ಮುದುಕಿಯರು ತಿರುಗಿ ನೋಡಿದರು. ಸೂರಮ್ಮ ತಿರುಗಲಿಲ್ಲ. ಸೆರಗಿನ ಗಂಟನ್ನು ಎದೆಗೊತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆಯುತ್ತಲೇ ಇದ್ದಳು.